ವಿ-0 ಬೇಕು ಅಂದ್ರೆ ಯಾವ ಪುಡಿ? ಪ್ಲಾಸ್ಟಿಕ್‌ಗೆ ಬೆಂಕಿ ತಡೆಯುವ ಮಿಶ್ರಣ ಆರಿಸಿಕೊಳ್ಳುವ ಬಗೆ

"ಪಾರ್ಟಿ ವಿ-0 ಕೇಳ್ತಿದ್ದಾರೆ, ಯಾವ ಪುಡಿ ಹಾಕಲಿ?" ಪೀಣ್ಯ, ಬೊಮ್ಮಸಂದ್ರದ ಮೋಲ್ಡಿಂಗ್ ಶೆಡ್‌ಗಳಿಂದ ಬರುವ ಪ್ರಶ್ನೆ ಹೆಚ್ಚಾಗಿ ಇದೇ. ವಿ-0 ಅಂದರೆ ಬೆಂಕಿ ಪರೀಕ್ಷೆಯಲ್ಲಿ ಬೇಗ ಆರುವ ಪ್ಲಾಸ್ಟಿಕ್‌ಗೆ ಸಿಗುವ ದರ್ಜೆ. ಮಾಡುವ ವಸ್ತು ಬೇರೆ ಬೇರೆ. ಚಾರ್ಜರ್ ಡಬ್ಬಿ ಇರಬಹುದು, ಸ್ವಿಚ್ ಇರಬಹುದು, ಸ್ಕೂಟರ್ ಬ್ಯಾಟರಿಯೊಳಗಿನ ಸೆಲ್ ಹೋಲ್ಡರ್ ಇರಬಹುದು. ಮೆಟೀರಿಯಲ್ ಮಾರುವವರ ಮಾತೂ ಬೇರೆ ಬೇರೆ. ಒಬ್ಬರು ಬ್ರೋಮಿನ್ ಮಾಸ್ಟರ್‌ಬ್ಯಾಚ್ (ಪುಡಿಯನ್ನು ದಟ್ಟವಾಗಿ ಬೆರೆಸಿದ ಪ್ಲಾಸ್ಟಿಕ್ ಕಾಳು) ಹಾಕಿ ಸಾಕು ಅಂತಾರೆ. ಇನ್ನೊಬ್ಬರು ಹ್ಯಾಲೊಜೆನ್ (ಬ್ರೋಮಿನ್, ಕ್ಲೋರಿನ್ ಥರದ್ದು) ಇದ್ದರೆ ಎಕ್ಸ್‌ಪೋರ್ಟ್ ಆಗಲ್ಲ ಅಂತಾರೆ. ಮತ್ತೊಬ್ಬರು ಬಿಳಿ ಪುಡಿಯ ಮೂಟೆ ತೋರಿಸಿ ಇದೇ ಅಗ್ಗ ಅಂತಾರೆ.

ಮೂವರ ಮಾತಿನಲ್ಲೂ ಸ್ವಲ್ಪ ಸ್ವಲ್ಪ ನಿಜ ಇದೆ. ಆದರೆ ಎಲ್ಲ ಪ್ಲಾಸ್ಟಿಕ್‌ಗೂ ಒಗ್ಗುವ ಒಂದು ಪುಡಿ ಇಲ್ಲ. ನಿಮ್ಮ ಪ್ಲಾಸ್ಟಿಕ್ ಯಾವುದು, ಗೋಡೆ ಎಷ್ಟು ದಪ್ಪ, ಪಾಸಾಗಬೇಕಾದ ಪರೀಕ್ಷೆ ಯಾವುದು, ಈ ಮೂರು ಗೊತ್ತಾದರೆ ಹತ್ತು ಆಯ್ಕೆ ಎರಡಕ್ಕೆ ಇಳಿಯುತ್ತವೆ. ಆ ಎರಡರಲ್ಲಿ ಒಂದನ್ನು ದುಡ್ಡು, ತೂಕ, ಹೊಗೆ ನೋಡಿ ಆರಿಸಬಹುದು.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಏನೇ ಬೆರೆಸಿದರೂ ಪ್ಲಾಸ್ಟಿಕ್ ಸುಡದ ವಸ್ತು ಆಗುವುದಿಲ್ಲ. ಸಣ್ಣ ಕಿಡಿಯಿಂದ ಅದು ಹತ್ತಿಕೊಳ್ಳುವುದು ಕಷ್ಟವಾಗುತ್ತದೆ. ಹತ್ತಿಕೊಂಡರೂ ಬೇಗ ಆರುತ್ತದೆ. ಮನೆಯವರು ಎದ್ದು ಹೊರಗೆ ಓಡಲು ಸಮಯ ಸಿಗುತ್ತದೆ. ಇಷ್ಟೇ ಇದರ ಕೆಲಸ, ಆದರೆ ಇದು ದೊಡ್ಡ ಕೆಲಸ.

ಪುಡಿ ಕೇಳುವ ಮೊದಲು ನಿಮ್ಮನ್ನೇ ಕೇಳಿಕೊಳ್ಳಬೇಕಾದ್ದು

ಮೊದಲನೆಯದು ಪರೀಕ್ಷೆ. ಯುಎಲ್ 94 ಅನ್ನುವ ಬೆಂಕಿ ಪರೀಕ್ಷೆಯಲ್ಲಿ 125 ಮಿ.ಮೀ. ಉದ್ದ, 13 ಮಿ.ಮೀ. ಅಗಲದ ಪಟ್ಟಿಯನ್ನು ನೆಟ್ಟಗೆ ನೇತುಹಾಕುತ್ತಾರೆ. ಕೆಳಗಿನ ತುದಿಗೆ ಬರ್ನರ್‌ನ ಸಣ್ಣ ಜ್ವಾಲೆಯನ್ನು 10 ಸೆಕೆಂಡ್ ಹಿಡಿದು ತೆಗೆಯುತ್ತಾರೆ. ಬೆಂಕಿ ಆರಿದ ಕೂಡಲೇ ಇನ್ನೊಮ್ಮೆ 10 ಸೆಕೆಂಡ್. ಪಟ್ಟಿಯ 300 ಮಿ.ಮೀ. ಕೆಳಗೆ ಹತ್ತಿ ಹಾಸಿರುತ್ತಾರೆ. ಪ್ರತಿ ಸಲವೂ 10 ಸೆಕೆಂಡಿನೊಳಗೆ ಜ್ವಾಲೆ ಆರಬೇಕು. ಐದು ಪಟ್ಟಿಗಳದ್ದೂ ಸೇರಿ 50 ಸೆಕೆಂಡ್ ದಾಟಬಾರದು. ಉರಿಯುವ ಹನಿ ಬಿದ್ದು ಹತ್ತಿ ಹೊತ್ತಿಕೊಳ್ಳಬಾರದು. ಇಷ್ಟೆಲ್ಲ ಆದರೆ ವಿ-0. ಒಂದೊಂದು ಸಲಕ್ಕೆ 30 ಸೆಕೆಂಡ್, ಒಟ್ಟು 250 ಸೆಕೆಂಡ್ ತನಕ ಬಿಟ್ಟರೆ ವಿ-1. ಅದೇ ಸಮಯದಲ್ಲಿ ಆರಿ, ಹತ್ತಿ ಮಾತ್ರ ಹೊತ್ತಿಕೊಂಡರೆ ವಿ-2.

ಇಲ್ಲಿ ಜಾಸ್ತಿ ಜನ ಮರೆಯುವುದು ದಪ್ಪವನ್ನು. ವಿ-0 ಅನ್ನುವುದು ಮೆಟೀರಿಯಲ್‌ಗೆ ಮಾತ್ರ ಅಂಟಿದ ಹೆಸರಲ್ಲ, ಅಳೆದ ದಪ್ಪಕ್ಕೂ ಅಂಟಿದ್ದು. 3.2 ಮಿ.ಮೀ. ದಪ್ಪದಲ್ಲಿ ವಿ-0 ಬಂದ ಗ್ರೇಡ್ 0.8 ಮಿ.ಮೀ. ದಪ್ಪದಲ್ಲಿ ಧಗ್ಗನೆ ಉರಿಯಬಹುದು. ನಿಮ್ಮ ಡ್ರಾಯಿಂಗ್‌ನಲ್ಲಿ ಅತಿ ತೆಳು ಗೋಡೆ ಎಷ್ಟಿದೆ ನೋಡಿ. ಆ ಅಂಕಿ ಇಲ್ಲದೆ ಬರೀ ವಿ-0 ಅಂದರೆ ಮಾತು ಪೂರ್ತಿ ಆಗಿಲ್ಲ.

ಸ್ವಿಚ್, ಸಾಕೆಟ್‌ಗಳಿಗೆ ಬೇರೆ ಪರೀಕ್ಷೆ, ಗ್ಲೋ ವೈರ್. ಕೆಂಪಗೆ ಕಾದ ತಂತಿಯನ್ನು ಭಾಗಕ್ಕೆ 30 ಸೆಕೆಂಡ್ ಒತ್ತಿ ಹಿಡಿಯುತ್ತಾರೆ. ಕರೆಂಟ್ ಹರಿಯುವ ಲೋಹವನ್ನು ಹಿಡಿದಿಡುವ ಪ್ಲಾಸ್ಟಿಕ್‌ಗೆ ತಂತಿ 850 ಡಿಗ್ರಿ, ಹೊರಗಿನ ಮುಚ್ಚಳಕ್ಕೆ ಸಾಮಾನ್ಯವಾಗಿ 650 ಡಿಗ್ರಿ. ವಿ-0 ಬಂದ ಮೆಟೀರಿಯಲ್ ಗ್ಲೋ ವೈರ್‌ನಲ್ಲೂ ಪಾಸಾಗೇ ಆಗುತ್ತದೆ ಅಂತ ನಂಬಬೇಡಿ. ಎರಡೂ ಬೇರೆ ಬೇರೆ ಅಳತೆ.

ಎರಡನೆಯದು ನಿಮ್ಮ ಬ್ಯಾರೆಲ್‌ನ, ಅಂದರೆ ಮೆಷಿನ್‌ನಲ್ಲಿ ಪ್ಲಾಸ್ಟಿಕ್ ಕರಗುವ ಕೊಳವೆಯ, ಬಿಸಿ. ಬೆಂಕಿ ತಡೆಯುವ ಪುಡಿ ಬಿಸಿಗೆ ಒಡೆದೇ ಕೆಲಸ ಮಾಡುವುದು. ಒಡೆಯಬೇಕಾದ್ದು ಬೆಂಕಿಯಲ್ಲಿ, ಮೆಷಿನ್‌ನಲ್ಲಿ ಅಲ್ಲ. ಪಿಪಿ (ಪಾಲಿಪ್ರೊಪಿಲೀನ್) 200ರಿಂದ 230 ಡಿಗ್ರಿಯಲ್ಲಿ ಓಡುತ್ತದೆ. ನೈಲಾನ್ 66 ಅಂದರೆ 280ರ ಆಸುಪಾಸು. ಈ ಒಂದು ಅಂಕಿಯಿಂದಲೇ ಕೆಲವು ಪುಡಿಗಳು ಪಟ್ಟಿಯಿಂದ ಹೊರಗೆ ಹೋಗುತ್ತವೆ.

ಮೂರನೆಯದು ಹೊಗೆ. ಬೆಂಕಿ ಬಿದ್ದ ಕಟ್ಟಡಗಳಲ್ಲಿ ಜನ ಜ್ವಾಲೆಗಿಂತ ಹೊಗೆಗೇ ಜಾಸ್ತಿ ಬಲಿಯಾಗುತ್ತಾರೆ. 2010ರ ಫೆಬ್ರುವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ 9 ಜನ ಸತ್ತರು. ಬೆಂಕಿ ಹತ್ತಿದ್ದು ವಿದ್ಯುತ್ ಡಕ್ಟ್‌ನಲ್ಲಿ. ಹೊಗೆ ಮೇಲಿನ ಮಹಡಿಗಳಿಗೆ ತುಂಬಿಕೊಂಡಿತು. ಉಸಿರು ಕಟ್ಟಿ ಕಿಟಕಿಯಿಂದ ಹಾರಿದವರೂ ಇದ್ದರು. ಜನ ಒಳಗೆ ಸಿಕ್ಕಿಕೊಳ್ಳಬಹುದಾದ ಜಾಗಕ್ಕೆ ಹೋಗುವ ವಸ್ತು ಮಾಡುತ್ತಿದ್ದರೆ ಹೊಗೆಯನ್ನು ಬೆಲೆಗಿಂತ ಮೊದಲು ನೋಡಿ.

ಉಳಿದದ್ದು ಬೇಗ ಹೇಳುತ್ತೇನೆ. ಭಾಗ ಬಿಸಿಲಲ್ಲಿ ಇರುತ್ತದಾ? ನೀರು ತಾಗುತ್ತದಾ? ಬಣ್ಣ ಯಾವುದು? ವಿದ್ಯುತ್ ಟರ್ಮಿನಲ್‌ಗಳ ನಡುವೆ ಇರುತ್ತದಾ? ಯಾವ ದೇಶಕ್ಕೆ ಹೋಗುತ್ತದೆ?

ಹೈಡ್ರಾಕ್ಸೈಡ್: ಕೆಜಿಗೆ ಅಗ್ಗ, ತೂಕಕ್ಕೆ ಭಾರ

ಅಲ್ಯೂಮಿನಿಯಂ ಟ್ರೈಹೈಡ್ರಾಕ್ಸೈಡ್, ಅಂದರೆ ಎಟಿಎಚ್, ಬಿಸಿಯಾದಾಗ ತನ್ನೊಳಗಿನ ನೀರನ್ನು ಆವಿಯಾಗಿ ಬಿಡುತ್ತದೆ. ತೂಕದ ಸುಮಾರು 35% ನೀರೇ. ಒಂದು ಕೆಜಿ ಪುಡಿಯಿಂದ ಹತ್ತಿರ ಹತ್ತಿರ 350 ಗ್ರಾಂ. ಹಾಗೆ ಒಡೆಯುವಾಗ ಅದು ಬಿಸಿಯನ್ನೂ ಹೀರುತ್ತದೆ. ಉಳಿದ ಅಲ್ಯೂಮಿನಾ ಮೇಲೆ ಪದರವಾಗಿ ನಿಲ್ಲುತ್ತದೆ. ಈ ಪುಡಿಯಿಂದ ವಿಷದ ಅನಿಲ ಬರುವುದಿಲ್ಲ, ಹೊಗೆಯೂ ಕಡಿಮೆ.

ತೊಂದರೆ ಎರಡು. ಎಟಿಎಚ್ 180ರಿಂದ 200 ಡಿಗ್ರಿಯಲ್ಲೇ ನೀರು ಬಿಡಲು ಶುರುಮಾಡುತ್ತದೆ. ಪಿಪಿಗೆ ಹಾಕಿ 220 ಡಿಗ್ರಿಯಲ್ಲಿ ಮೋಲ್ಡ್ ಮಾಡಿದರೆ ಬ್ಯಾರೆಲ್‌ನೊಳಗೇ ಆವಿ ಎದ್ದು ಭಾಗದ ಮೈಮೇಲೆ ಬೆಳ್ಳಿ ಗೆರೆ, ಒಳಗೆ ಗುಳ್ಳೆ ಬರುತ್ತವೆ. ಅದಕ್ಕೇ ಪಿಪಿಗೆ ಮೆಗ್ನೀಸಿಯಂ ಹೈಡ್ರಾಕ್ಸೈಡ್ ಬೇಕು. ಅದು 300 ಡಿಗ್ರಿಯ ಮೇಲೆ ಮಾತ್ರ ಒಡೆಯುತ್ತದೆ. ಬೆಲೆ ಎಟಿಎಚ್‌ಗಿಂತ ಜಾಸ್ತಿ.

ಎರಡನೆಯ ತೊಂದರೆ ಪ್ರಮಾಣದ್ದು. 50ರಿಂದ 65% ಹಾಕದೆ ಕೆಲಸ ಆಗುವುದಿಲ್ಲ. ಅರ್ಧಕ್ಕಿಂತ ಜಾಸ್ತಿ ಕಲ್ಲಿನ ಪುಡಿ ತುಂಬಿದ ಪ್ಲಾಸ್ಟಿಕ್ ಸುಲಭವಾಗಿ ಮುರಿಯುತ್ತದೆ. ಡೈಯ (ಅಚ್ಚಿನ) ತೆಳು ಜಾಗಗಳಿಗೆ ಹರಿಯುವುದೂ ಕಷ್ಟ.

ತೂಕದ ಲೆಕ್ಕವನ್ನು ಇಲ್ಲೇ ಬಿಡಿಸಿ ಹೇಳಬೇಕು. ನೀವು ಮೆಟೀರಿಯಲ್ ಕೊಳ್ಳುವುದು ಕೆಜಿ ಲೆಕ್ಕದಲ್ಲಿ, ಮಾರುವುದು ಪೀಸ್ ಲೆಕ್ಕದಲ್ಲಿ. ಡೈಯ ಕ್ಯಾವಿಟಿ, ಅಂದರೆ ಪ್ಲಾಸ್ಟಿಕ್ ತುಂಬುವ ಜಾಗ, ಬದಲಾಗುವುದಿಲ್ಲ. ಸುಮ್ನೆ ಪಿಪಿಯಲ್ಲಿ 100 ಗ್ರಾಂ ತೂಗುವ ಪೀಸ್ ಅಂತ ಇಟ್ಟುಕೊಳ್ಳಿ. 60% ಮೆಗ್ನೀಸಿಯಂ ಹೈಡ್ರಾಕ್ಸೈಡ್ ತುಂಬಿದರೆ ಅದೇ ಪೀಸ್ ಸುಮಾರು 159 ಗ್ರಾಂ ಆಗುತ್ತದೆ. 22% ಬ್ರೋಮಿನ್ ಸಂಯುಕ್ತಕ್ಕೆ 7% ಆಂಟಿಮನಿ ಸೇರಿಸಿದರೆ ಸುಮಾರು 128 ಗ್ರಾಂ. 28% ಫಾಸ್ಫರಸ್ ಮಿಶ್ರಣ ಹಾಕಿದರೆ ಸುಮಾರು 116 ಗ್ರಾಂ. ಕೆಜಿಗೆ ಅಗ್ಗ ಅಂತ ತಂದ ಕಾಂಪೌಂಡ್ (ಪುಡಿ ಬೆರೆಸಿದ ಪ್ಲಾಸ್ಟಿಕ್) ಪೀಸ್ ಲೆಕ್ಕದಲ್ಲಿ ದುಬಾರಿ ಆಗುವುದು ಹೀಗೆ. ಕೋಟ್ ಬಂದ ಕೂಡಲೇ ಸಾಂದ್ರತೆ ಕೇಳಿ. ಕೆಜಿ ಬೆಲೆಯನ್ನು ಸಾಂದ್ರತೆಯಿಂದ ಗುಣಿಸಿದರೆ ಒಂದು ಲೀಟರ್ ಜಾಗ ತುಂಬಲು ಎಷ್ಟು ದುಡ್ಡು ಅಂತ ತಿಳಿಯುತ್ತದೆ. ಹೋಲಿಸಬೇಕಾದ್ದು ಆ ಅಂಕಿಯನ್ನು.

ಹಾಗಾದರೆ ಹೈಡ್ರಾಕ್ಸೈಡ್ ಯಾರಿಗೆ? ವೈರ್ ಮತ್ತು ಕೇಬಲ್‌ನವರಿಗೆ. ಹ್ಯಾಲೊಜೆನ್ ಇಲ್ಲದ ಕೇಬಲ್‌ನಲ್ಲಿ ಇವಿಎ ಥರದ ಮೆತ್ತನೆ ಪ್ಲಾಸ್ಟಿಕ್ ಇರುತ್ತದೆ. ಅದು 160 ಡಿಗ್ರಿ ಆಸುಪಾಸಿನಲ್ಲೇ ಓಡುವುದರಿಂದ ಎಟಿಎಚ್ ಬ್ಯಾರೆಲ್‌ನಲ್ಲಿ ಒಡೆಯುವುದಿಲ್ಲ, ಅಷ್ಟೊಂದು ಪುಡಿಯನ್ನೂ ಆ ಪ್ಲಾಸ್ಟಿಕ್ ನುಂಗಿಕೊಳ್ಳುತ್ತದೆ.

ಬ್ರೋಮಿನ್: ಕಡಿಮೆ ಹಾಕಿ ಜಾಸ್ತಿ ಫಲ, ಆದರೆ ಕಾನೂನು ನೋಡಿ

ಬ್ರೋಮಿನ್ ಜ್ವಾಲೆಯೊಳಗೇ ಕೆಲಸ ಮಾಡುತ್ತದೆ. ಉರಿಯನ್ನು ಮುಂದಕ್ಕೆ ಒಯ್ಯುವ ಚುರುಕು ಕಣಗಳನ್ನು ಹೈಡ್ರೋಜನ್ ಬ್ರೋಮೈಡ್ ಹಿಡಿದು ಸುಮ್ಮನಾಗಿಸುತ್ತದೆ. ಜೊತೆಗೆ ಆಂಟಿಮನಿ ಟ್ರೈಆಕ್ಸೈಡ್ ಹಾಕಿದರೆ ಫಲ ಹೆಚ್ಚುತ್ತದೆ. ಸಾಮಾನ್ಯವಾಗಿ ಮೂರು ಪಾಲು ಬ್ರೋಮಿನ್ ಸಂಯುಕ್ತಕ್ಕೆ ಒಂದು ಪಾಲು ಆಂಟಿಮನಿ. ಎಬಿಎಸ್, ಹೈ ಇಂಪ್ಯಾಕ್ಟ್ ಪಾಲಿಸ್ಟೈರೀನ್ ಪ್ಲಾಸ್ಟಿಕ್‌ಗಳಿಗೆ ಸಲೀಸಾಗಿ ವಿ-0 ತರುವುದು ಇದೇ. ತೆಳು ಗೋಡೆಯಲ್ಲೂ ಪಾಸಾಗುತ್ತದೆ. ರನ್ನರ್ (ಅಚ್ಚಿನ ಕಾಲುವೆಯಲ್ಲಿ ಉಳಿದ ಪ್ಲಾಸ್ಟಿಕ್) ಪುಡಿ ಮಾಡಿ ಮತ್ತೆ ಹಾಕಿದರೂ ಗುಣ ಬೇಗ ಕೆಡುವುದಿಲ್ಲ. ಸಣ್ಣ ಶೆಡ್‌ಗಳಿಗೆ ಇದು ದೊಡ್ಡ ಅನುಕೂಲ.

ಇನ್ನು ಕಷ್ಟದ ಕಡೆ. ಬ್ರೋಮಿನ್ ಅಂದರೆ ಒಂದೇ ವಸ್ತುವಲ್ಲ. ಡೆಕಾಬಿಡಿಇ ಅನ್ನುವ ಹಳೆಯ ಬ್ರೋಮಿನ್ ಸಂಯುಕ್ತ 2017ರಲ್ಲಿ ಸ್ಟಾಕ್‌ಹೋಮ್ ಒಪ್ಪಂದದ (ಬೇಗ ನಾಶವಾಗದ ವಿಷಗಳನ್ನು ತಡೆಯುವ ಅಂತಾರಾಷ್ಟ್ರೀಯ ಒಪ್ಪಂದ) ಪಟ್ಟಿ ಸೇರಿತು. ಅದರ ಮೊದಲೇ, 2006ರಿಂದ, ಯುರೋಪಿನ ರೋಹ್ಸ್ ನಿಯಮ (ಎಲೆಕ್ಟ್ರಾನಿಕ್ ವಸ್ತುಗಳಲ್ಲಿ ಅಪಾಯದ ರಾಸಾಯನಿಕಗಳಿಗೆ ಕಡಿವಾಣ) ಪಿಬಿಬಿ ಮತ್ತು ಪಿಬಿಡಿಇ ಎಂಬ ಬ್ರೋಮಿನ್ ಗುಂಪುಗಳಿಗೆ 0.1% ಮಿತಿ ಹಾಕಿತ್ತು; ಡೆಕಾಬಿಡಿಇ ಈ ಮಿತಿಗೆ ಬಂದದ್ದು 2008ರಲ್ಲಿ. ನಮ್ಮ ದೇಶದ ಇ-ತ್ಯಾಜ್ಯ ನಿಯಮಗಳಲ್ಲೂ ಅದೇ ಮಿತಿ ಇದೆ. ಥರ್ಮೋಕೋಲ್ ಫೋಮ್‌ಗೆ ಹಾಕುತ್ತಿದ್ದ ಎಚ್‌ಬಿಸಿಡಿ 2013ರಲ್ಲೇ ಆ ಪಟ್ಟಿಗೆ ಹೋಯಿತು. ಈಗ ಮಾರುಕಟ್ಟೆಯಲ್ಲಿ ಜಾಸ್ತಿ ಓಡುವುದು ಡೆಕಾಬ್ರೋಮೋಡೈಫಿನೈಲ್ ಈಥೇನ್, ಬ್ರೋಮಿನ್ ಸೇರಿಸಿದ ಪಾಲಿಸ್ಟೈರೀನ್, ಟಿಬಿಬಿಪಿಎ ಇಂಥವು. ಟಿವಿ, ಮಾನಿಟರ್‌ಗಳ ಹೊರಕವಚ ಮತ್ತು ಸ್ಟ್ಯಾಂಡ್‌ಗೆ ಮಾತ್ರ 2021ರ ಮಾರ್ಚ್‌ನಿಂದ ಯುರೋಪಿನಲ್ಲಿ ಯಾವ ಹ್ಯಾಲೊಜೆನ್ ಬೆಂಕಿ ತಡೆಯೂ ನಡೆಯುವುದಿಲ್ಲ.

ನನಗೆ ನಿಜವಾಗಿ ಆತಂಕ ಆಗುವುದು ರೀಸೈಕಲ್ ಮಾಡಿದ ಕಪ್ಪು ಎಬಿಎಸ್ ನೋಡಿದಾಗ. ಹಳೇ ಟಿವಿ, ಕಂಪ್ಯೂಟರ್ ಡಬ್ಬಿಗಳನ್ನು ಪುಡಿ ಮಾಡಿ ಬರುವ ಗ್ರಾನ್ಯೂಲ್‌ನಲ್ಲಿ ಡೆಕಾಬಿಡಿಇ ಇನ್ನೂ ಇರಬಹುದು. ಅದು ಆಟಿಕೆಗೋ ಅಡುಗೆಮನೆಯ ಸೌಟಿಗೋ ಹೋಗಲೇಬಾರದು. ಎಕ್ಸ್‌ಆರ್‌ಎಫ್ ಮೆಷಿನ್‌ನಲ್ಲಿ ಹಿಡಿದರೆ ಒಟ್ಟು ಬ್ರೋಮಿನ್ ಎಷ್ಟು ಅಂತ ಮಾತ್ರ ಗೊತ್ತಾಗುತ್ತದೆ. ಅದು ಯಾವ ಬ್ರೋಮಿನ್ ಅಂತ ತಿಳಿಯಲು ಲ್ಯಾಬ್‌ನಲ್ಲಿ ಜಿಸಿ-ಎಂಎಸ್ ಮಾಡಿಸಲೇಬೇಕು.

ಬ್ರೋಮಿನ್ ಹಾಕಿದ ಪ್ಲಾಸ್ಟಿಕ್ ಉರಿದರೆ ಹೊಗೆ ದಟ್ಟ, ಅನಿಲ ಆಮ್ಲೀಯ. ಆಂಟಿಮನಿಯ ಬೆಲೆಯ ಮೇಲೂ ಕಣ್ಣಿಡಬೇಕು. ಅದರ ದೊಡ್ಡ ಪಾಲು ಬರುವುದು ಚೀನಾದಿಂದ. 2024ರ ಸೆಪ್ಟೆಂಬರ್‌ನಲ್ಲಿ ಅಲ್ಲಿ ರಫ್ತಿಗೆ ಕಡಿವಾಣ ಬಿದ್ದಾಗ ಬೆಲೆ ಜೋರಾಗಿ ಏರಿತು. ಜಿಂಕ್ ಬೋರೇಟ್, ಜಿಂಕ್ ಸ್ಟ್ಯಾನೇಟ್ ಹಾಕಿ ಆಂಟಿಮನಿಯ ಒಂದು ಪಾಲನ್ನು ಇಳಿಸಬಹುದು, ಪೂರ್ತಿ ತೆಗೆಯುವುದು ಕಷ್ಟ.

ಬಿಸಿಲಲ್ಲಿ ಇರುವ ಪಿಪಿ ಭಾಗಕ್ಕೆ ಬ್ರೋಮಿನ್ ಹಾಕುವವರಿಗೆ ಒಂದು ಮಾತು. ಬಿಸಿಲು ತಡೆಯಲು ಹಾಕುವ ಮಾಮೂಲಿ ಹಾಲ್ಸ್ ಕ್ಷಾರ ಗುಣದ್ದು. ಬ್ರೋಮಿನ್‌ನಿಂದ ಬರುವ ಆಮ್ಲ ಅದನ್ನು ಕೆಲಸಕ್ಕೆ ಬಾರದಂತೆ ಮಾಡುತ್ತದೆ. ಆಮೇಲೆ ಭಾಗ ಬಿಳಿಚಿಕೊಂಡು ಬಿರುಕು ಬಿಡುತ್ತದೆ. ಇಂಥ ಕಡೆ ಕ್ಷಾರ ಗುಣ ಕಡಿಮೆ ಇರುವ ಎನ್‌ಒಆರ್ ಬಗೆಯ ಹಾಲ್ಸ್ ಕೇಳಿ.

ಫಾಸ್ಫರಸ್: ಒಂದು ಹೆಸರು, ನಾಲ್ಕು ಬೇರೆ ವಸ್ತು

"ಹ್ಯಾಲೊಜೆನ್ ಫ್ರೀ" ಅಂತ ಮಾರುವುದರಲ್ಲಿ ಹೆಚ್ಚಿನದು ಫಾಸ್ಫರಸ್ ಗುಂಪು. ಇಲ್ಲಿ ಗೊಂದಲ ಜಾಸ್ತಿ, ಯಾಕೆಂದರೆ ಒಂದೊಂದು ಪ್ಲಾಸ್ಟಿಕ್‌ಗೆ ಒಂದೊಂದು ಬೇಕು.

ಪಿಪಿಗೆ ಅಮೋನಿಯಂ ಪಾಲಿಫಾಸ್ಫೇಟ್. ಇದರ ಜೊತೆ ಇಂಗಾಲ ಕೊಡುವ ಒಂದು ವಸ್ತು, ಅನಿಲ ಬಿಡುವ ಇನ್ನೊಂದು ವಸ್ತು ಇರುತ್ತವೆ. ಬೆಂಕಿ ತಾಗಿದ ಕಡೆ ಮೇಲ್ಮೈ ಕಾದ ಎಣ್ಣೆಯಲ್ಲಿ ಪೂರಿ ಉಬ್ಬಿದಂತೆ ಉಬ್ಬಿ, ಕಪ್ಪು ಇದ್ದಿಲ ಪದರ ಆಗಿ ನಿಲ್ಲುತ್ತದೆ. ಅದರ ಕೆಳಗಿನ ಪ್ಲಾಸ್ಟಿಕ್‌ಗೆ ಬಿಸಿ ಇಳಿಯುವುದಿಲ್ಲ, ಒಳಗಿನ ಅನಿಲ ಹೊರಗೆ ಬರುವುದಿಲ್ಲ. 25ರಿಂದ 30% ಹಾಕಿದರೆ ವಿ-0 ಬರುತ್ತದೆ. ತೂಕ ಹಗುರ, ಹೊಗೆ ಕಡಿಮೆ. ಆದರೆ ಇದು ತೇವ ಹೀರುತ್ತದೆ. ಬಿಸಿನೀರು ತಾಗುವ ವಾಷಿಂಗ್ ಮೆಷಿನ್ ಭಾಗಕ್ಕೆ, ಮಳೆಗೆ ನೆನೆಯುವ ಡಬ್ಬಿಗೆ ಹಾಕುವ ಮೊದಲು ಪೀಸನ್ನು ಬಿಸಿನೀರಿನಲ್ಲಿ ಕೆಲವು ದಿನ ಇಟ್ಟು, ಆಮೇಲೆ ಸುಟ್ಟು ನೋಡಿ. ಬ್ಯಾರೆಲ್ ತಾಪವನ್ನೂ ಆದಷ್ಟು ಕೆಳಗಿಡಿ. ಅತಿ ತೆಳು ಗೋಡೆಯಲ್ಲಿ ಉಬ್ಬಲು ಬೇಕಾದಷ್ಟು ಮೆಟೀರಿಯಲ್ಲೇ ಇರುವುದಿಲ್ಲ. ಅಲ್ಲಿ ಬ್ರೋಮಿನ್‌ನಷ್ಟು ಸುಲಭವಾಗಿ ವಿ-0 ಸಿಗುವುದಿಲ್ಲ.

ಪಿಸಿ-ಎಬಿಎಸ್‌ಗೆ (ಪಾಲಿಕಾರ್ಬೊನೇಟ್ ಮತ್ತು ಎಬಿಎಸ್ ಕೂಡಿಸಿದ ಪ್ಲಾಸ್ಟಿಕ್) ಫಾಸ್ಫೇಟ್ ಎಸ್ಟರ್‌ಗಳು, ಅಂದರೆ ಆರ್‌ಡಿಪಿ, ಬಿಡಿಪಿ. 10ರಿಂದ 15% ಸಾಕು. ಹರಿವೂ ಚೆನ್ನಾಗುತ್ತದೆ. ಬದಲಿಗೆ ಭಾಗ ಮೆತ್ತಗಾಗುವ ತಾಪ ಕೆಳಗಿಳಿಯುತ್ತದೆ. ಚಾರ್ಜರ್, ಲ್ಯಾಪ್‌ಟಾಪ್ ಕವಚಕ್ಕೆ ಇದು ಒಳ್ಳೆಯ ದಾರಿ. ಬರೀ ಎಬಿಎಸ್‌ಗೆ ಇದೇ ಎಸ್ಟರ್ ಹಾಕಿ ವಿ-0 ತರುತ್ತೇನೆ ಅಂದರೆ ಆಗುವುದಿಲ್ಲ. ಎಬಿಎಸ್ ತಾನಾಗಿ ಇದ್ದಿಲು ಕಟ್ಟುವುದಿಲ್ಲ, ಪಿಸಿ ಕಟ್ಟುತ್ತದೆ. ಹ್ಯಾಲೊಜೆನ್ ಬೇಡ ಅಂದ ಪಾರ್ಟಿಗೆ ಎಬಿಎಸ್ ಬಿಟ್ಟು ಪಿಸಿ-ಎಬಿಎಸ್‌ಗೆ ಬನ್ನಿ ಅಂತ ನೇರವಾಗಿ ಹೇಳಿ.

ಗ್ಲಾಸ್ ಎಳೆ ತುಂಬಿದ ನೈಲಾನ್‌ಗೆ ಎರಡು ದಾರಿ. ಕೆಂಪು ರಂಜಕ (ರೆಡ್ ಫಾಸ್ಫರಸ್) 5ರಿಂದ 8% ಹಾಕಿದರೆ ಸಾಕು, ಗಟ್ಟಿತನ ಹಾಗೇ ಉಳಿಯುತ್ತದೆ. ಆದರೆ ಬಣ್ಣ ಕಪ್ಪು ಅಥವಾ ಇಟ್ಟಿಗೆ ಕೆಂಪು ಮಾತ್ರ. ತೇವ ಸೇರಿದರೆ ನಿಧಾನವಾಗಿ ಫಾಸ್ಫೀನ್ ಮತ್ತು ಆಮ್ಲ ಬರುತ್ತವೆ, ಹತ್ತಿರದ ತಾಮ್ರದ ಕಾಂಟ್ಯಾಕ್ಟ್ ಕೆಡಬಹುದು. ಈ ಪುಡಿ ಬರಿಗೈಲಿ, ಸರಿಯಾದ ಗಾಳಿ ವ್ಯವಸ್ಥೆ ಇಲ್ಲದೆ ಮುಟ್ಟುವ ವಸ್ತುವಲ್ಲ. ಪದರ ಹಚ್ಚಿದ್ದು ಅಥವಾ ಮಾಸ್ಟರ್‌ಬ್ಯಾಚ್ ಮಾತ್ರ ಕೊಳ್ಳಿ.

ಇನ್ನೊಂದು ದಾರಿ ಅಲ್ಯೂಮಿನಿಯಂ ಡೈಈಥೈಲ್ ಫಾಸ್ಫಿನೇಟ್. 300 ಡಿಗ್ರಿ ತನಕ ತಡೆದುಕೊಳ್ಳುತ್ತದೆ, ಬಿಳಿ ಬಣ್ಣದ್ದು, ಬೇಕಾದ ಬಣ್ಣ ಕೊಡಬಹುದು. ಎಲ್ಲಕ್ಕಿಂತ ಮುಖ್ಯ ಸಿಟಿಐ. ತೇವ, ಧೂಳು ಕೂತ ಮೇಲ್ಮೈ ಮೇಲೆ ಕರೆಂಟ್ ದಾರಿ ಮಾಡಿಕೊಳ್ಳದೆ ಎಷ್ಟು ವೋಲ್ಟ್ ತಡೆಯುತ್ತದೆ ಅನ್ನುವ ಅಳತೆ ಅದು. ಬ್ರೋಮಿನ್ ಮತ್ತು ಆಂಟಿಮನಿ ಇದನ್ನು ಕೆಳಗಿಳಿಸುತ್ತವೆ. ಫಾಸ್ಫಿನೇಟ್ ಹಾಕಿದ ನೈಲಾನ್ 600 ವೋಲ್ಟ್ ತನಕ ಹೋಗುತ್ತದೆ. ಹೈ ವೋಲ್ಟೇಜ್ ಇವಿ ಕನೆಕ್ಟರ್, ಎಂಸಿಬಿ, ಕಾಂಟ್ಯಾಕ್ಟರ್ ಮಾಡುವವರು ದುಬಾರಿಯಾದರೂ ಇದನ್ನೇ ತೆಗೆದುಕೊಳ್ಳಿ ಅನ್ನುತ್ತೇನೆ. ಟರ್ಮಿನಲ್ ನಡುವಿನ ಅಂತರ ಕಡಿಮೆ ಮಾಡಬಹುದು, ಭಾಗ ಸಣ್ಣದಾಗುತ್ತದೆ, ಬೆಲೆಯ ಒಂದಿಷ್ಟು ಪಾಲು ಅಲ್ಲೇ ವಾಪಸ್ ಬರುತ್ತದೆ.

ಗ್ಲಾಸ್ ಇಲ್ಲದ ನೈಲಾನ್ ಆಗಿದ್ದರೆ ಇಷ್ಟೆಲ್ಲ ಬೇಕಿಲ್ಲ. ಮೆಲಮೈನ್ ಸಯನ್ಯುರೇಟ್ (ಇದು ಫಾಸ್ಫರಸ್ ಗುಂಪಿನದ್ದಲ್ಲ) 6ರಿಂದ 10% ಹಾಕಿದರೆ ವಿ-0 ಬರುತ್ತದೆ. ಕೇಬಲ್ ಟೈ, ಟರ್ಮಿನಲ್ ಬ್ಲಾಕ್‌ಗೆ ಇದು ಸಾಕು. ಇದು ಕರಗಿದ ನೈಲಾನನ್ನು ಬೇಗ ತೊಟ್ಟಿಕ್ಕಿಸಿ ಬಿಸಿಯನ್ನು ಹೊರಗೆ ಒಯ್ಯುತ್ತದೆ. ಗ್ಲಾಸ್ ಎಳೆಗಳಿದ್ದರೆ ಅವು ಕರಗಿದ್ದನ್ನು ಹಿಡಿದಿಡುತ್ತವೆ, ಆಗ ಇದರ ಆಟ ನಡೆಯುವುದಿಲ್ಲ.

ಏನೂ ಬೆರೆಸದೆ ಆಗುತ್ತದಾ?

ಕೆಲವು ಸಲ ಆಗುತ್ತದೆ, ಇದನ್ನು ಯಾರೂ ಹೇಳುವುದಿಲ್ಲ. ಗಟ್ಟಿ ಪಿವಿಸಿಯ ತೂಕದಲ್ಲಿ ಅರ್ಧಕ್ಕಿಂತ ಜಾಸ್ತಿ ಕ್ಲೋರಿನ್ನೇ. ಅದು ತಾನಾಗಿ ಆರುತ್ತದೆ. ಪಿಪಿಎಸ್, ಪಿಇಐ ಪ್ಲಾಸ್ಟಿಕ್‌ಗಳಿಗೂ ವಿ-0 ಹುಟ್ಟುಗುಣ. ಪಾಲಿಕಾರ್ಬೊನೇಟ್ ದಪ್ಪ ಗೋಡೆಯಲ್ಲಿ ಸಲ್ಫೋನೇಟ್ ಲವಣದ ಒಂದು ಚಿಟಿಕೆಗೆ, ಅಂದರೆ 1%ಕ್ಕಿಂತಲೂ ಕಡಿಮೆಗೆ, ವಿ-0 ಆಗುತ್ತದೆ, ಪಾರದರ್ಶಕವಾಗಿಯೂ ಉಳಿಯುತ್ತದೆ. ಎಲ್‌ಇಡಿ ದೀಪದ ಕವರ್ ಮಾಡುವವರು ಇದನ್ನು ಮೊದಲು ನೋಡಿ. ನ್ಯಾನೊ ಕ್ಲೇ ಬಗ್ಗೆಯೂ ಕೇಳುತ್ತಾರೆ. ಅದು ಉರಿಯ ಜೋರನ್ನು ತಗ್ಗಿಸುತ್ತದೆ, ಆದರೆ ಒಂಟಿಯಾಗಿ ವಿ-0 ಕೊಡುವುದಿಲ್ಲ.

ಯಾರು ಯಾವುದನ್ನು ಆರಿಸಬಹುದು

ಕಡಿಮೆ ಬಜೆಟ್, ಒಳನಾಡಿನ ಮಾರುಕಟ್ಟೆ, ತೆಳು ಗೋಡೆಯ ಎಬಿಎಸ್ ಡಬ್ಬಿ: ನಿಯಮದಲ್ಲಿ ನಿಷೇಧ ಇಲ್ಲದ ಬ್ರೋಮಿನ್, ರೋಹ್ಸ್ ರಿಪೋರ್ಟ್ ಸಮೇತ. ಯುರೋಪಿಗೆ ಹೋಗುವ ವಸ್ತು ಆದರೆ ಬ್ರೋಮಿನ್ ಅಗ್ಗ ಅಂತ ಎಬಿಎಸ್‌ಗೆ ತಕ್ಕ ಡೈ ಮಾಡಿಸಿಬಿಡಬೇಡಿ. ಪಿಸಿ-ಎಬಿಎಸ್ ಕುಗ್ಗುವ ಪ್ರಮಾಣ ಬೇರೆ ಇರಬಹುದು, ಆಮೇಲೆ ಮೆಟೀರಿಯಲ್ ಬದಲಿಸಿದರೆ ಅಳತೆ ಕೂರುವುದಿಲ್ಲ.

ಸ್ಕೂಟರ್ ಬ್ಯಾಟರಿಯ ಸೆಲ್ ಹೋಲ್ಡರ್‌ಗೆ ಫಾಸ್ಫೇಟ್ ಎಸ್ಟರ್ ಹಾಕಿದ ಪಿಸಿ-ಎಬಿಎಸ್ ಅಥವಾ ಫಾಸ್ಫಿನೇಟ್ ಹಾಕಿದ ನೈಲಾನ್. 2022ರಲ್ಲಿ ಎಲೆಕ್ಟ್ರಿಕ್ ಸ್ಕೂಟರ್‌ಗಳಿಗೆ ಬೆಂಕಿ ಬಿದ್ದ ಮೇಲೆ ಅವುಗಳ ಬ್ಯಾಟರಿ ಸುರಕ್ಷತೆಯ ಎಐಎಸ್ 156 ನಿಯಮ ಬಿಗಿಯಾಯಿತು. ಅಲ್ಲಿ ಪರೀಕ್ಷೆ ಆಗುವುದು ಇಡೀ ಬ್ಯಾಟರಿಗೆ. ವಿ-0 ಅನ್ನುವುದು ಬರ್ನರ್‌ನ ಸಣ್ಣ ಜ್ವಾಲೆಯ ಲೆಕ್ಕ. ಲಿಥಿಯಂ ಸೆಲ್ ಒಡೆದು ಚಿಮ್ಮುವ ಬೆಂಕಿ ಅದಕ್ಕಿಂತ ಎಷ್ಟೋ ಜೋರು. ವಿ-0 ಪ್ಲಾಸ್ಟಿಕ್ ಹಾಕಿದ್ದೇವೆ, ಬ್ಯಾಟರಿ ಸೇಫ್ ಅಂತ ದಯವಿಟ್ಟು ಯಾರಿಗೂ ಹೇಳಬೇಡಿ. ಸೆಲ್‌ಗಳ ನಡುವಿನ ಅಂತರ, ತಡೆಹಾಳೆ, ಬಿಎಂಎಸ್ (ಬ್ಯಾಟರಿ ಮೇಲೆ ಕಣ್ಣಿಡುವ ಸರ್ಕ್ಯೂಟ್) ಎಲ್ಲ ಸೇರಿದರೆ ಮಾತ್ರ ಆ ಮಾತಿಗೆ ಅರ್ಥ.

ಮನೆ ಕಟ್ಟಿಸುತ್ತಿರುವ ಓದುಗರೂ ಕೇಳುತ್ತಾರೆ, ವೈರ್ ಯಾವುದು ಅಂತ. ಎಫ್‌ಆರ್ ಅಂದರೆ ಬೆಂಕಿ ಹರಡುವುದು ಕಡಿಮೆ, ಆದರೆ ಅದು ಪಿವಿಸಿ, ಉರಿದರೆ ಆಮ್ಲದ ಹೊಗೆ. ಎಫ್‌ಆರ್-ಎಲ್‌ಎಸ್‌ಎಚ್ ಕೂಡ ಪಿವಿಸಿಯೇ, ಹೊಗೆ ಮತ್ತು ಆಮ್ಲ ಅನಿಲಕ್ಕೆ ಮಿತಿ ಇದೆ. ಎಚ್‌ಎಫ್‌ಎಫ್‌ಆರ್‌ನಲ್ಲಿ ಹ್ಯಾಲೊಜೆನ್ ಇಲ್ಲ, ಅದಕ್ಕೆ ಐಎಸ್ 17048 ಅನ್ನುವ ಬೇರೆ ಮಾನದಂಡವೇ ಇದೆ. ಎರಡು ಬಾಗಿಲ, ಗಾಳಿಯಾಡುವ ಒಂಟಿ ಮನೆಗೆ ಎಫ್‌ಆರ್-ಎಲ್‌ಎಸ್‌ಎಚ್ ಸಾಕು. ಅಪಾರ್ಟ್‌ಮೆಂಟಿನ ಡಕ್ಟ್, ಆಸ್ಪತ್ರೆ, ಪಿಜಿ, ಹಾಸ್ಟೆಲ್ ಆದರೆ ದುಡ್ಡು ಜಾಸ್ತಿಯಾದರೂ ಎಚ್‌ಎಫ್‌ಎಫ್‌ಆರ್ ಹಾಕಿಸಿ.

ಕೊನೆಗೆ ಕೊಳ್ಳುವ ವಿಷಯ. ತಿಂಗಳಿಗೆ ಕೆಲವು ನೂರು ಕೆಜಿ ಓಡಿಸುವವರು ಪುಡಿ ತಂದು ಹಾಪರ್‌ನಲ್ಲಿ ಕಲಸಬೇಡಿ. ಪುಡಿ ಒಂದೇ ಸಮ ಹರಡುವುದಿಲ್ಲ, ಒಂದು ಪೀಸ್ ಆರುತ್ತದೆ, ಪಕ್ಕದ್ದು ಉರಿಯುತ್ತದೆ. ರೆಡಿ ಕಾಂಪೌಂಡ್ ಕೊಳ್ಳಿ. ಬ್ರೋಮಿನ್‌ಗೆ ಮಾಸ್ಟರ್‌ಬ್ಯಾಚ್ ಪರವಾಗಿಲ್ಲ, 60% ಹೈಡ್ರಾಕ್ಸೈಡ್ ಅಂತೂ ಮಾಸ್ಟರ್‌ಬ್ಯಾಚ್‌ನಲ್ಲಿ ಆಗುವ ಕೆಲಸವೇ ಅಲ್ಲ. ಯುಎಲ್ ಯೆಲ್ಲೋ ಕಾರ್ಡ್, ಅಂದರೆ ಪರೀಕ್ಷೆಯ ಫಲ ದಾಖಲಿಸಿದ ಪತ್ರ, ಕೇಳಿ. ಅದರಲ್ಲಿ ಗ್ರೇಡ್, ಬಣ್ಣ, ದಪ್ಪ ಮೂರೂ ನಿಮ್ಮದಕ್ಕೆ ಹೊಂದುತ್ತವಾ ನೋಡಿ. ಕಾರ್ಡ್ ಇಲ್ಲದ ಕಾಂಪೌಂಡ್ ಆದರೆ ಮೈಸೂರಿನ ಸಿಪೆಟ್‌ನಂಥ ಲ್ಯಾಬ್‌ಗೆ ಪಟ್ಟಿ ಕಳಿಸಿ ಪರೀಕ್ಷೆ ಮಾಡಿಸಿ. ಕೇಬಲ್ ಆದರೆ ಬೆಂಗಳೂರಿನ ಸಿಪಿಆರ್‌ಐ ಇದೆ. ಪಟ್ಟಿ ಮಾಡುವಾಗ ಹೊಸ ಮೆಟೀರಿಯಲ್‌ನಲ್ಲಿ ಮಾತ್ರ ಮಾಡಬೇಡಿ. ನೀವು ದಿನಾ ಎಷ್ಟು ರೀಗ್ರೈಂಡ್ (ಮತ್ತೆ ಪುಡಿ ಮಾಡಿದ ಪ್ಲಾಸ್ಟಿಕ್) ಸೇರಿಸುತ್ತೀರೋ ಅಷ್ಟೇ ಸೇರಿಸಿ, ಅದೇ ಮೆಷಿನ್‌ನಲ್ಲಿ, ಅದೇ ತಾಪದಲ್ಲಿ ಹೊಡೆದು ಕಳಿಸಿ.